ದಡದ ಸಾಲಿನ ಬಿಲ್ಲೆ

ಲೇಕ್ ಕಾರಿಕ್, ಟಾಸ್ಮೇನಿಯಾ
ಮಾರ್ಚ್ 22, 1994, ಮಂಗಳವಾರ ಬೆಳಿಗ್ಗೆ

ನನ್ನ ಲಿನೆಟ್,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ಬರಲಿಲ್ಲವೆಂದು ನೀನು ಗಾಬರಿಬಿದ್ದು ಅಂಗಡಿಗೆ ಫೋನ್ ಮಾಡಿದೆಯಂತೆ. "ನಿಮ್ಮಮ್ಮಂಗೇನಾಗಿದೆ, ಗುಂಡುಕಲ್ಲಿನ ಹಾಗಿದಾಳೆ. ನಿನ್ನೆ ಕೂಡ ಬಂದು ನನ್ನ ಬಿಸ್ಕತ್ತು ಮೆತ್ತಗಾಗಿದೆ ಅಂತ ಹೆಸರಿಟ್ಟು ಹೋದ್ಲು" ಅಂದಳಂತೆ ನೊಯೆಲೀನ್. ಅಂಗಡಿ ನಡೆಸುವವಳಿಗೆ ನಾಲಿಗೆ ಮೊಂಡಾಗಿದ್ದರೆ ಆಗುತ್ತದೆಯೇ? ಇರಲಿ. ನನಗೆ ಕಾಯಿಲೆಯಿಲ್ಲ ಮಗಳೇ. ಮಂಡಿ ನೋವು ಹಳೆಯದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ನನಗೆ ಆಗಿರುವುದು ಭಯ. ಎಪ್ಪತ್ನಾಲ್ಕು ವರ್ಷದಲ್ಲಿ ಹೀಗೆ ಹೆದರಿದ್ದು ಇದು ಎರಡನೇ ಸಲ.

ಈಸ್ಟರ್‌ಗೆ ಟೆಗನ್‌ಳನ್ನು ಕರೆದುಕೊಂಡು ಬರುತ್ತೇನೆ, ಈ ಸಲ ಅವಳು ಒಬ್ಬಳೇ ಹುಟ್ಟು ಹಾಕಿ ಕೆರೆ ದಾಟಲಿ, ನನಗೂ ಒಂಬತ್ತು ತುಂಬಿದಾಗ ತಾನೇ ದಾಟಿಸಿದ್ದು ಅಂತ ಬರೆದಿದ್ದೀಯ. ಊರಿನ ಅರವತ್ತನೇ ವರ್ಷದ ಸಮಾರಂಭದಲ್ಲಿ ದೋಣಿ ಶೆಡ್ಡಿನ ಬಿಲ್ಲೆ ಹಲಗೆಯ ಬಗ್ಗೆ ನಾಲ್ಕು ಮಾತಾಡು ಅಂತ ನೊಯೆಲೀನ್ ಕೇಳಿದ್ದಕ್ಕೆ ಒಪ್ಪಿಕೊಂಡೆ ಅಂತಲೂ ಬರೆದಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ಅನ್ನ ನೀರು ರುಚಿಸುತ್ತಿಲ್ಲ. ಬರಬೇಡ ಅಂತ ಒಂದು ಕಾಗದ ಬರೆದೆ, ಹರಿದೆ. ಮೊಮ್ಮಗಳಿಗೆ ನೆಗಡಿಯಾಗುತ್ತದೆ ಅಂತ ಇನ್ನೊಂದು ಬರೆದೆ, ಅದನ್ನೂ ಹರಿದೆ. ಇದು ಮೂರನೆಯದು, ಕಾಗದದ ಕಟ್ಟು ಇದಕ್ಕೇ ಮುಗಿಯುತ್ತದೆ. ಹನ್ನೊಂದಕ್ಕೆ ಅಂಚೆ ಗಾಡಿ ಬರುತ್ತದೆ. ಅಷ್ಟರೊಳಗೆ ಎಲ್ಲ ಹೇಳಿಬಿಡಬೇಕು.

ಕೆರೆಯನ್ನು ನೀನು ಈಗ ನೋಡಿದರೆ ಗುರುತು ಹಿಡಿಯಲಾರೆ. ಕಟ್ಟೆಯ ಗೋಡೆ ರಿಪೇರಿ ಅಂತ ಜನವರಿಯಲ್ಲಿ ತೂಬು ತೆಗೆದರು. ಅಂದಿನಿಂದ ದಿನಕ್ಕೊಂದು ಗೇಣು ನೀರು ಇಳಿಯುತ್ತಿದೆ. ನೀನು ಜಿಗಿಯಲು ಕಲಿತ ತೇಲುವ ಅಟ್ಟಣೆ ಈಗ ಕೆಸರಿನ ಮೇಲೆ ಕೂತಿದೆ, ಮೊನ್ನೆ ಅದರ ಮೇಲೊಂದು ವಾಲಬಿ ಹೊಟ್ಟೆಚೀಲದಲ್ಲಿ ಮರಿ ಇಟ್ಟುಕೊಂಡು ನಿಂತು ನನ್ನನ್ನೇ ನೋಡುತ್ತಿತ್ತು. ಮೂತಿಗುಡ್ಡದ ಹಿಂದೆ ಕೆರೆ ಕಟ್ಟುವಾಗ ಮುಳುಗಿದ ಮರಗಳ ಬೊಡ್ಡೆಗಳೆಲ್ಲ ಮೇಲೆ ಬಂದಿವೆ. ನಾನು ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ನೀರಿನ ಅಂಚಿನಲ್ಲಿ ಕೋಲು ನೆಟ್ಟು ಬರುತ್ತೇನೆ. ಮರುದಿನ ಆ ಕೋಲು ಒಣ ಕೆಸರಲ್ಲಿ ನಿಂತಿರುತ್ತದೆ. "ಏನ್ ಈನಿಡ್, ಬೇಲಿ ಹಾಕ್ತಿದೀಯಾ?" ಅಂತ ಕೇಳುತ್ತಾರೆ. ಹೌದು, ದನ ಸಾಕ್ತೀನಿ ಅಂತ ಹೇಳಿ ನಗಿಸುತ್ತೇನೆ.

ನೊಯೆಲೀನ್‌ಗಂತೂ ಇದು ಹಬ್ಬ. ಊರಿನ ಕುಣಿತದ ಹಾಲ್‌ನಲ್ಲಿ ಉದ್ದದ ಮೇಜು ಹಾಕಿದ್ದಾಳೆ. ಕೆಸರಲ್ಲಿ ಏನು ಹಳೆಯದು ಸಿಕ್ಕರೂ ತನ್ನಿ, ಚರಿತ್ರೆ ಅಂದರೆ ಅದೇ ಅಂತ ಮಕ್ಕಳಿಗೆಲ್ಲ ಹೇಳಿದ್ದಾಳೆ. ಒಳ್ಳೆಯದು ತಂದವರಿಗೆ ಪೆಪ್ಪರ್‌ಮೆಂಟಿನ ಡಬ್ಬಿ ಬಹುಮಾನ. ಶುಂಠಿ ಸೋಡಾದ ಕಲ್ಲುಶೀಶೆ, ಮೊದಲ ದೋಣಿ ಪಂದ್ಯದ ಕಬ್ಬಿಣದ ಲಂಗರು, ಯಾರದೋ ಹಲ್ಲು ಸೆಟ್ಟು, ಎಲ್ಲ ತೊಳೆದು ಚೀಟಿ ಅಂಟಿಸಿ ಇಟ್ಟಿದ್ದಾಳೆ. ಹಲ್ಲು ಸೆಟ್ಟಿನ ಮುಂದೆ ನಗು ನಿಲ್ಲುವುದೇ ಇಲ್ಲ. ಮೇಜಿನ ಹಿಂದೆ ಗೋಡೆಗೆ ಬಿಲ್ಲೆ ಹಲಗೆಯನ್ನು ತಂದು ತೂಗಿ ಹಾಕಿದ್ದಾಳೆ. ಮೇಲೆ ಅವಳ ದುಂಡು ಅಕ್ಷರದಲ್ಲಿ ಹೀಗಿದೆ: ಈ ಹಲಗೆಯಿಂದಾಗಿ ಅರವತ್ತು ವರ್ಷದಲ್ಲಿ ಈ ಕೆರೆ ಒಂದೇ ಒಂದು ಜೀವವನ್ನೂ ತೆಗೆದುಕೊಂಡಿಲ್ಲ.

ನಾನು ದಿನಾ ಸಂಜೆ ಆ ಮೇಜನ್ನು ನೋಡಲು ಹೋಗುತ್ತಿದ್ದೆ. ಎಲ್ಲರೂ ಈನಿಡ್‌ಗೆ ಚರಿತ್ರೆಯ ಹುಚ್ಚು ಹಿಡಿದಿದೆ ಅಂದುಕೊಂಡರು.

ಕಳೆದ ಗುರುವಾರ ಮೇಜಿನ ಮೇಲೆ ಒಂದು ಬೂಟು ಇತ್ತು. ತೊಡೆಯವರೆಗೆ ಬರುವ ರಬ್ಬರ್ ಬೂಟು, ಮೀನು ಹಿಡಿಯುವವರದು, ಎಡಗಾಲಿನದು. ಮೂತಿಗುಡ್ಡದ ಹಿಂದೆ ಬೊಡ್ಡೆಯ ಬೇರಿಗೆ ಸಿಕ್ಕಿಕೊಂಡಿತ್ತಂತೆ. "ಒಂದೇ ಕಾಲಲ್ಲಿ ಕುಂಟ್ಕೊಂಡು ಮನೆಗೆ ಹೋಗಿ ಹೆಂಡ್ತಿ ಹತ್ರ ಬೈಸ್ಕೊಂಡಿರ್ತಾನೆ ನೋಡು, ಪಾಪ" ಅಂತ ಯಾರೋ ಅಂದರು. ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನನಗೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಆಮೇಲೆ ನೊಯೆಲೀನ್ ಅದನ್ನು ತಿರುಗಿಸಿದಳು. ಮಂಡಿಯ ಹತ್ತಿರ ಕೆಂಪು ತೇಪೆ.

ಸೈಕಲ್ ಟ್ಯೂಬಿನ ಕೆಂಪು ತೇಪೆ, ಲಿನೆಟ್. ಅದನ್ನು ಹಾಕಿದ್ದು ನಾನು. ಅದರ ಮೇಲೆ ಡಾಂಬರಿನಿಂದ ಐದು ಕಪ್ಪು ಚುಕ್ಕಿ ಇಟ್ಟು, "ಅಪ್ಪಾ, ನಿನ್ನ ಮಂಡೀಲಿ ಗುಲಗಂಜಿ ಹುಳ!" ಅಂತ ಕುಣಿದವಳು ನೀನು. ಮೂರು ಚುಕ್ಕಿ ಇನ್ನೂ ಇವೆ. ನಾನು ಕುರ್ಚಿ ಹಿಡಿದುಕೊಂಡೆ. ನೀನು ಈಸ್ಟರ್‌ಗೆ ಬರುತ್ತೀ, ಆ ಮೇಜಿನ ಮುಂದೆ ನಿಂತು ಭಾಷಣ ಮಾಡುತ್ತೀ, ಆ ಚುಕ್ಕಿಗಳನ್ನು ನೋಡುತ್ತೀ. ಇಲ್ಲವೇ ಟೆಗನ್ ಉಳಿದ ಮಕ್ಕಳ ಜೊತೆ ಕೆಸರಿಗಿಳಿದು ಕೈ ಹಾಕುತ್ತಾಳೆ. ಅವಳ ಕೈಗೆ ಏನು ಸಿಗುತ್ತದೋ!

ನಿಮ್ಮಪ್ಪ ನಮ್ಮನ್ನು ಬಿಟ್ಟು ಹೋಗಲಿಲ್ಲ. ಮೂವತ್ತಮೂರು ವರ್ಷದಿಂದ ಈ ಕೆರೆಯಲ್ಲೇ ಇದ್ದಾನೆ.

ಇಲ್ಲಿವರೆಗೆ ಓದಿ ಕಾಗದ ಕೆಳಗಿಡಬೇಡ, ದಯವಿಟ್ಟು. ಉಳಿದದ್ದನ್ನೂ ಓದು.

ಬಿಲ್ಲೆಯ ಕಾಯಿದೆ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ನೀರಿಗೆ ಇಳಿಯುವ ಮುಂಚೆ ನಿನ್ನ ಹೆಸರಿನ ಬಿಲ್ಲೆಯನ್ನು 'ನೀರು' ಸಾಲಿನ ಮೊಳೆಗೆ ಹಾಕು, ಬಂದ ಮೇಲೆ 'ದಡ' ಸಾಲಿಗೆ ಹಾಕು. ಐದು ಗಂಟೆಗೆ ನೀರಿನ ಸಾಲಲ್ಲಿ ಒಂದು ಬಿಲ್ಲೆ ಉಳಿದರೂ ದೋಣಿ ಶೆಡ್ಡು ನೋಡಿಕೊಳ್ಳುತ್ತಿದ್ದ ಆಲ್ಫ್ ಗಂಟೆ ಬಾರಿಸುತ್ತಿದ್ದ, ಊರಿಗೆ ಊರೇ ದೋಣಿ ಇಳಿಸಿ ಹುಡುಕಲು ಹೋಗಬೇಕು. ಬೇರೆಯವರ ಬಿಲ್ಲೆ ಮುಟ್ಟುವ ಹಾಗಿಲ್ಲ. ಮುಟ್ಟಲೇಬೇಕಾಗಿ ಬಂದರೆ ಮೊದಲು ಮುಖ ನೋಡು, ಆಮೇಲೆ ಬಿಲ್ಲೆ ಮುಟ್ಟು. ಇದನ್ನು ಇಲ್ಲಿ ಮಕ್ಕಳಿಗೆ ಪ್ರಾರ್ಥನೆಗಿಂತ ಮುಂಚೆ ಕಲಿಸುತ್ತೇವೆ.

ನಿಮ್ಮಪ್ಪ ಆ ಬಿಲ್ಲೆಯ ವಿಷಯದಲ್ಲಿ ಶುದ್ಧ ಮರೆಗುಳಿ. ಮೀನು ಸಿಕ್ಕಿದರೆ ಲೋಕವೇ ಬೇಡ ಅವನಿಗೆ. ಆ ಬೇಸಿಗೆಯಲ್ಲಿ ಮೂರು ಸಲ ಊರೆಲ್ಲ ಕೂಗುತ್ತ ಕೆರೆ ಜಾಲಾಡಿದರೆ, ಇವನು ಮನೆಯಲ್ಲಿ ಕೂತು ಮೊಟ್ಟೆ ಹುರಿಯುತ್ತಿದ್ದ. ಮರೆತವರಿಗೆ ದಂಡ ಗೊತ್ತಲ್ಲ, ಶನಿವಾರದ ಕುಣಿತದ ದಿನ ಹೂವಿನ ಏಪ್ರನ್ ಕಟ್ಟಿಕೊಂಡು ಎಲ್ಲರ ತಟ್ಟೆ ತೊಳೆಯಬೇಕು. ಮೂರು ಶನಿವಾರ ತೊಳೆದ. "ಲೆಸ್ ಪ್ಯಾಸ್ಕೋಗೆ ಏಪ್ರನ್ ಬಲು ಚೆನ್ನಾಗಿ ಒಪ್ಪತ್ತೆ, ಈನಿಡ್, ಪ್ಯಾಂಟು ನೀನ್ ಹಾಕ್ಕೋ" ಅಂತ ಆಡಿಕೊಂಡರು. ಅವನು ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲಿಂದ ಅವನು ಮರೆತರೆ ನಾನೇ ಸದ್ದಿಲ್ಲದೆ ಹೋಗಿ ಬಿಲ್ಲೆ ಬದಲಿಸುತ್ತಿದ್ದೆ. ಪ್ರತಿ ಸಲವೂ ಮುಖ ನೋಡಿಯೇ ಬದಲಿಸಿದ್ದು. ಆ ಒಂದು ದಿನ ಬಿಟ್ಟು.

ಏಪ್ರಿಲಿನ ಕೊನೆಯ ಶನಿವಾರ, 1961. ನಿನಗೆ ಎಂಟು ವರ್ಷ. ಚಳಿಗಾಲಕ್ಕೆ ಮುಂಚಿನ ಕೊನೆಯ ಕುಣಿತ. ಬೆಳಿಗ್ಗೆ ನಾವಿಬ್ಬರೂ ಜಗಳವಾಡಿದ್ದೆವು. ಕ್ವೀನ್ಸ್‌ಲ್ಯಾಂಡಿಗೆ ಕಬ್ಬು ಕಡಿಯಲು ಹೋಗ್ತೀನಿ, ಅಲ್ಲಾದ್ರೂ ಬೆಚ್ಚಗಿರತ್ತೆ ಅಂತ ಅವನು. ಹೋಗು, ಯಾರು ಹಿಡ್ಕೊಂಡಿದಾರೆ ಅಂತ ನಾನು. ಪಕ್ಕದ ಮನೆಯವರಿಗೂ ಕೇಳಿಸಿತ್ತು. ಅವನು ಬೂಟು ಹಾಕಿಕೊಂಡು ಹೊರಟ. ಮಧ್ಯಾಹ್ನ ಮೂರಕ್ಕೆ ಗಾಳಿ ಎದ್ದಿತು. ದೋಣಿಗಳೆಲ್ಲ ಒಂದೊಂದಾಗಿ ಬಂದವು. ನಾನು ಹಾಲ್‌ನಲ್ಲಿ ಸ್ಯಾಂಡ್‌ವಿಚ್ ಕತ್ತರಿಸುತ್ತಿದ್ದೆ. ನೀನು ಆಲ್ಫ್ ಮನೆಯಲ್ಲಿ ನೊಯೆಲೀನ್ ಜೊತೆ ಬಣ್ಣದ ಕಾಗದ ಕತ್ತರಿಸುತ್ತಿದ್ದೀ ಅಂತ ನನ್ನ ಎಣಿಕೆ.

ಐದಕ್ಕೆ ಹತ್ತು ನಿಮಿಷ ಇರುವಾಗ ದೋಣಿ ಶೆಡ್ಡಿಗೆ ಹೋದೆ. ನೀರಿನ ಸಾಲಲ್ಲಿ ಒಂದೇ ಬಿಲ್ಲೆ, ಅವನದು. ನಮ್ಮ ದೋಣಿ ಕಟ್ಟುವ ಜಾಗ ಮೂತಿಗುಡ್ಡದ ಆಚೆ, ಶೆಡ್ಡಿನಿಂದ ಕಾಣುವುದಿಲ್ಲ. ಆದರೆ ನಮ್ಮ ಮನೆ ಕಾಣುತ್ತದೆ. ತಲೆಯೆತ್ತಿ ನೋಡಿದೆ. ಹೊಗೆಗೂಡಿನಿಂದ ಹೊಗೆ ಬರುತ್ತಿತ್ತು. ಓಹೋ, ಬಂದಿದ್ದಾನೆ ಮಹಾರಾಯ, ಒಲೆ ಹಚ್ಚಿ ಕಾಲು ಕಾಯಿಸಿಕೊಳ್ಳುತ್ತಿದ್ದಾನೆ, ಮತ್ತೆ ಮರೆತಿದ್ದಾನೆ ಅಂದುಕೊಂಡೆ. ಕೊನೆಯ ಕುಣಿತದ ದಿನವೂ ಆ ಏಪ್ರನ್ ನೋಡಲು ನನ್ನಿಂದಾಗುತ್ತಿರಲಿಲ್ಲ. ಬಿಲ್ಲೆ ತೆಗೆದು ದಡದ ಸಾಲಿಗೆ ಹಾಕಿದೆ. ಅಷ್ಟೇ. ಸೊಳ್ಳೆ ಹೊಡೆಯುವಷ್ಟು ಹೊತ್ತೂ ಆಗಲಿಲ್ಲ.

ಆಲ್ಫ್ ಗಂಟೆಯ ಹಗ್ಗ ಹಿಡಿದು ಬಂದ. "ಲೆಸ್ ಬಂದ್ನಾ? ನಾನ್ ನೋಡ್ಲಿಲ್ವಲ್ಲ" ಅಂದ. "ಬಂದ. ಅವನೇ ಹಾಕಿದ, ನಾನು ನೋಡ್ದೆ" ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಲ್ಫ್ ಸಮಾಧಾನದಿಂದ, ಎಲ್ಲರೂ ದಡ ಸೇರಿದ್ದಾರೆ ಅಂತ ಮೂರು ಸಲ ಬಾರಿಸಿ ಹೋದ.

ಮನೆಗೆ ಬಂದೆ. ಬಾಗಿಲಲ್ಲಿ ನೀನು ನಿಂತಿದ್ದೆ, ಮೂಗಿನ ತುದಿಗೆ ಮಸಿ. "ಅಮ್ಮಾ, ಅಪ್ಪಂಗೆ ಚಾ ಕಾಸಿಟ್ಟಿದೀನಿ, ನಾನೊಬ್ಳೇ! ಅಪ್ಪ ಎಲ್ಲಿ?" ಅಂದೆ.

ಆಗ ಓಡಿದೆ ನೋಡು, ಜನ್ಮದಲ್ಲಿ ಹಾಗೆ ಓಡಿಲ್ಲ. ದೋಣಿ ಕಟ್ಟುವ ಜಾಗದಲ್ಲಿ ಹಗ್ಗ ಮಾತ್ರ ಇತ್ತು. ಕೆರೆ ಬೆಳ್ಳಗೆ ನೊರೆ ಕಾರುತ್ತಿತ್ತು. ಇನ್ನೂ ಅರ್ಧ ಗಂಟೆ ಬೆಳಕಿತ್ತು, ಲಿನೆಟ್. ಹಿಂದಕ್ಕೆ ಓಡಿ ಆಲ್ಫ್ ಕಾಲಿಗೆ ಬಿದ್ದಿದ್ದರೆ ಹದಿನಾಲ್ಕು ದೋಣಿ ಇಳಿಯುತ್ತಿದ್ದವು. ನಾನು ಹೋಗಲಿಲ್ಲ. ಹಿಂದಿನ ವರ್ಷ ಬಿಲ್ಲೆಯ ವಿಷಯದಲ್ಲಿ ಸುಳ್ಳು ಹೇಳಿದವನೊಬ್ಬನನ್ನು ಊರಿನವರು ಮನೆ ಬಿಡಿಸಿ ಕಳಿಸಿದ್ದರು. ನನಗೆ ಆ ಮನೆಯ ಆಸೆ, ಆ ಜನರ ಭಯ. ಈಗ ಬರುತ್ತಾನೆ, ಮೂತಿಗುಡ್ಡ ದಾಟುತ್ತಿರಬೇಕು, ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂತ ನಿಂತೇ ಇದ್ದೆ. ಕತ್ತಲಾಯಿತು. ಹಾಲ್‌ನಲ್ಲಿ ಅಕಾರ್ಡಿಯನ್ ಶುರುವಾಯಿತು.

ಮರುದಿನ ಬೆಳಿಗ್ಗೆ ಹೋಗಿ ಲೆಸ್ ಮನೆಗೆ ಬಂದಿಲ್ಲ ಅಂದೆ. ಆಲ್ಫ್ ಹಲಗೆ ನೋಡಿದ. "ಬಿಲ್ಲೆ ದಡದಲ್ಲಿದೆ, ನೀನೇ ನೋಡಿದೀಯ. ಹಾಗಾದ್ರೆ ಅವನು ಕೆರೇಲಿಲ್ಲ. ಜಗಳ ಆಡಿದ್ರಾ?" ಅಂತ ಮೆಲ್ಲಗೆ ಕೇಳಿದ. ಹೌದು ಅಂದೆ. ಎರಡು ದಿನದ ಮೇಲೆ ದೋಣಿ ಉತ್ತರದ ತುದಿಯಲ್ಲಿ, ಲಾರಿ ರಸ್ತೆಯ ಕೆಳಗೆ ಸಿಕ್ಕಿತು, ಖಾಲಿ. ಗಾಳಿ ತಳ್ಳಿಕೊಂಡು ಹೋಗಿತ್ತು ಅಂತ ಯಾರಿಗೂ ಹೊಳೆಯಲಿಲ್ಲ. ಬಂದು ಬಿಲ್ಲೆ ಹಾಕಿ, ಕದ್ದು ದೋಣಿ ದಾಟಿಸಿಕೊಂಡು, ಮರ ಸಾಗಿಸುವ ಲಾರಿ ಹತ್ತಿ ಕ್ವೀನ್ಸ್‌ಲ್ಯಾಂಡಿಗೆ ಹೋದ ಅಂತ ತೀರ್ಮಾನವಾಯಿತು. ಬಿಲ್ಲೆ ಸುಳ್ಳು ಹೇಳುವುದಿಲ್ಲ ಅಂತ ಈ ಊರಿನ ನಂಬಿಕೆ. ಒಬ್ಬರೂ ನೀರಿಗೆ ಕೋಲು ಹಾಕಿ ನೋಡಲಿಲ್ಲ. ಹೆಂಗಸರು ನನಗೆ ಪೈ ಮಾಡಿ ತಂದುಕೊಟ್ಟರು. ನಾನು ತಿಂದೆ.

ನೀನು ಕಿಟಕಿಯಲ್ಲಿ ಕೂತು ಎರಡು ಚಳಿಗಾಲ ಕಾದೆ. ಆಮೇಲೆ ಅವನ ಗಾಳವನ್ನು ಒಲೆಗೆ ಹಾಕಿದೆ. ಮದುವೆಯ ದಿನ ಅಪ್ಪನ ಹೆಸರು ಕೇಳಿದರೆ "ಇಲ್ಲ" ಅಂದೆ. ಟೆಗನ್ ಹುಟ್ಟಿದಾಗ, "ಈ ಮಗೂನ ಬಿಟ್ಟು ಹೋಗೋಕೆ ಯಾರಿಗಾದ್ರೂ ಹೇಗಮ್ಮ ಮನಸ್ಸು ಬರತ್ತೆ?" ಅಂತ ನನ್ನನ್ನೇ ಕೇಳಿದೆ. ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಹೇಳಿದರೆ ನೀನೂ ಹೋಗಿಬಿಡುತ್ತೀ ಅನ್ನಿಸಿ, ಮಗುವಿಗೆ ಟೊಪ್ಪಿ ಹಾಕು ಅಂದೆ.

ನಿನ್ನೆ ಮಧ್ಯಾಹ್ನ ನೊಯೆಲೀನ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಆಲ್ಫ್‌ನ ಮಗಳು ಅವಳು. ಅಂಗಡಿ ಬಾಗಿಲು ಹಾಕಿ ಕೂತು ಕೇಳಿದಳು. ಅವಳ ನಾಲಿಗೆ ಮೊಂಡಾಗಿದ್ದನ್ನು ಮೊದಲ ಸಲ ನೋಡಿದೆ. ಆಮೇಲೆ, "ನಮ್ಮಪ್ಪ ಸಾಯೋ ಹಿಂದಿನ ದಿನಾನೂ ಅದನ್ನೇ ಹೇಳ್ದ, ಈನಿಡ್. ಒಬ್ರನ್ನೂ ನೀರಿಗೆ ಬಿಟ್ಟುಕೊಟ್ಟಿಲ್ಲ ಕಣಮ್ಮಾ ಅಂತ" ಅಂದಳು. ಎದ್ದು ಹಾಲ್‌ಗೆ ಹೋಗಿ ಗೋಡೆಯ ಆ ಬರಹವನ್ನು ಕಿತ್ತು ಮಡಿಸಿ ಜೇಬಿಗಿಟ್ಟಳು. ಬೂಟನ್ನು ಶುಭ್ರವಾದ ಹಿಟ್ಟಿನ ಚೀಲದಲ್ಲಿ ಸುತ್ತಿದಳು. ಪಟ್ಟಣದ ಪೊಲೀಸರಿಗೆ ಫೋನ್ ಮಾಡುತ್ತೀನಿ ಅಂದಳು. ಲಿನೆಟ್‌ಗೆ ಕಾಗದ ಮುಟ್ಟುವ ತನಕ, ಈಸ್ಟರ್ ಮುಗಿಯುವ ತನಕ ಕಾಯಬಾರದೇ ಅಂತ ಗೋಗರೆದೆ. "ಮೂವತ್ತ್ಮೂರು ವರ್ಷ ಕಾದಿದೀಯಲ್ಲ, ಸಾಲ್ದಾ?" ಅಂದಳು. ಪೊಲೀಸರು ನಾಳೆ ಬರುತ್ತಾರೆ. ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ಅದಕ್ಕೆ ನನಗೆ ಅಷ್ಟು ಭಯವಿಲ್ಲ. ಇದನ್ನು ಓದಿ ನೀನು ಏನು ಮಾಡುತ್ತೀ ಅನ್ನುವುದಕ್ಕೆ ಭಯ.

ಹೊರಡುವಾಗ ನೊಯೆಲೀನ್ ನನ್ನನ್ನು ಹಲಗೆಯ ಮುಂದೆ ನಿಲ್ಲಿಸಿದಳು. ಅವನ ಬಿಲ್ಲೆ ಇನ್ನೂ ದಡದ ಸಾಲಲ್ಲೇ ಇತ್ತು, ನಾನು ಹಾಕಿದ ಮೊಳೆಯಲ್ಲೇ. "ನಿನ್ನ ಕೈಯಿಂದ್ಲೇ ಹಾಕು" ಅಂದಳು. ಮೊಳೆಗೆ ತುಕ್ಕು ಹಿಡಿದಿತ್ತು, ಬಿಲ್ಲೆ ಬಿಡಲೇ ಇಲ್ಲ. ಅಲ್ಲಾಡಿಸಿ ಅಲ್ಲಾಡಿಸಿ ತೆಗೆದೆ. ನೀರಿನ ಸಾಲಿಗೆ ಹಾಕಿದೆ. ಗಡಿಯಾರ ನೋಡಿದರೆ ಐದಾಗಿತ್ತು.

ಅವಳು ಹೊರಗೆ ಹೋಗಿ ಗಂಟೆ ಬಾರಿಸಿದಳು. ಮೂರು ಸಲವಲ್ಲ, ನಿಲ್ಲಿಸದೆ. ಆ ಸದ್ದು ಈ ಊರಿನಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. ಮನೆಮನೆಯಿಂದ ಜನ ಬಂದರು, ಒಬ್ಬ ಮುಖಕ್ಕೆ ಸೋಪು ಹಚ್ಚಿಕೊಂಡೇ ಬಂದ. "ಯಾರು? ಯಾರು ಬಂದಿಲ್ಲ?" ಅಂತ ಕೇಳಿದರು. "ಲೆಸ್ ಪ್ಯಾಸ್ಕೋ" ಅಂದಳು ನೊಯೆಲೀನ್. ಯಾರೂ ನಗಲಿಲ್ಲ. ಮುದುಕರು ಹಲಗೆಯ ಕಡೆ ನೋಡಿ ಟೋಪಿ ತೆಗೆದರು. ಆಮೇಲೆ ಚಪ್ಪಟೆ ದೋಣಿಗಳನ್ನು ಕೆಸರಿನ ಮೇಲೆ ಎಳೆದುಕೊಂಡು, ಗಳ ಹಿಡಿದು, ಮೂತಿಗುಡ್ಡದ ಕಡೆಗೆ ಹೋದರು. ಬೆಳಕಿರುವ ತನಕ ಹುಡುಕಿದರು. ಇವತ್ತು ಬೆಳಿಗ್ಗೆ ಮತ್ತೆ ಹೋಗಿದ್ದಾರೆ. ನಾನು ಬರೆಯುತ್ತಿರುವ ಈ ಮೇಜಿನಿಂದ ಅವರ ಕೂಗು ಕೇಳಿಸುತ್ತಿದೆ.

ನೀನು ಬಾ ಅಂತಲೂ ಬರೆಯಲಾರೆ, ಬರಬೇಡ ಅಂತಲೂ ಬರೆಯಲಾರೆ. ಬಂದರೆ ನನ್ನ ಮುಖ ನೋಡಬೇಕಾಗಿಲ್ಲ, ನೊಯೆಲೀನ್ ಮನೆಯಲ್ಲಿ ಉಳಿದುಕೋ. ಅವನ ಬಿಲ್ಲೆಯನ್ನು ದಡಕ್ಕೆ ಹಾಕುವ ಹಕ್ಕು ಈಗ ನಿನ್ನದು, ನನ್ನದಲ್ಲ. ಟೆಗನ್‌ಗೆ ಅವಳ ತಾತ ಯಾರನ್ನೂ ಬಿಟ್ಟು ಓಡಿಹೋದವನಲ್ಲ ಅಂತ ಹೇಳು. ಮೀನಿನ ಹುಚ್ಚ, ಮರೆಗುಳಿ, ಮಗಳ ಚುಕ್ಕಿಯನ್ನು ಮಂಡಿಯ ಮೇಲೆ ಹೊತ್ತುಕೊಂಡೇ ಹೋದವನು ಅಂತ ಹೇಳು.

ಕ್ಷಮಿಸು ಅಂತ ಕೇಳುವ ಬಾಯಿ ನನಗಿಲ್ಲ.

ನಿನ್ನ ಅಮ್ಮ,
ಈನಿಡ್ ಪ್ಯಾಸ್ಕೋ

ತಾ.ಕ.: ಈಗ ಮೊದಲಿಂದ ಓದಿ ನೋಡಿದೆ. ನಿನ್ನ ಮೂಗಿನ ಮಸಿ, ಚಾ, ಅದನ್ನೆಲ್ಲ ಏನೋ ಬರೆದುಬಿಟ್ಟಿದ್ದೇನೆ. ಹರಿದು ಬರೆಯಲು ಕಾಗದವಿಲ್ಲ, ಅಂಚೆ ಗಾಡಿ ದಿಬ್ಬ ಹತ್ತುತ್ತಿದೆ. ಅದು ತಪ್ಪು, ಬೇರೆ ಯಾವುದೋ ದಿನದ್ದು. ಅವತ್ತು ಒಲೆ ಹಚ್ಚಿ ಹೋಗಿದ್ದು ನಾನು, ಹಚ್ಚಿದ್ದನ್ನು ಮರೆತಿದ್ದೆ. ಹೊಗೆ ಯಾರದು ಅಂತ ನೊಯೆಲೀನ್ ಕೇಳಿದಾಗಲೂ ಅದನ್ನೇ ಹೇಳಿದೆ, ನಾಳೆ ಪೊಲೀಸರಿಗೂ ಅದನ್ನೇ ಹೇಳುತ್ತೇನೆ. ನಿನಗೆ ಬೇರೆ ಥರ ನೆನಪಿದ್ದರೆ, ನಿನಗಾಗ ಎಂಟೇ ವರ್ಷ, ಮಕ್ಕಳ ನೆನಪು ನಂಬುವ ಹಾಗಿಲ್ಲ. ಒಲೆ ಹಚ್ಚಿದ್ದು ನಾನು, ಲಿನೆಟ್. ನಾನೇ.